ಸೊನ್ನೆ ಪುಸ್ತಕಗಳು ಸಿಕ್ಕಿವೆ

ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ನಮ್ಮ ರಾಜ್ಯದ್ದು. ಕಾಫಿ ಮಂಡಳಿಯ ಕಚೇರಿ ಬೆಂಗಳೂರಿನಲ್ಲಿದೆ, ಸಂಶೋಧನಾ ಕೇಂದ್ರ ಬಾಳೆಹೊನ್ನೂರಿನ ಬಳಿ ಇದೆ. ಈಗ ಮಲೆನಾಡಿನಲ್ಲೊಂದು ಪದವಿ ಕಾಲೇಜು, ಆ ಕಾಲೇಜಿಗೊಂದು ಗ್ರಂಥಾಲಯ, ಗ್ರಂಥಾಲಯದ ಮೂಲೆಯಲ್ಲಿ ಧೂಳಿಗೆ ಹೆದರಿ ಪ್ಲಾಸ್ಟಿಕ್ ಹೊದ್ದು ಕೂತ ಒಂದು ಕಂಪ್ಯೂಟರು ಇದೆ ಎಂದಿಟ್ಟುಕೊಳ್ಳಿ. ಇಟ್ಟುಕೊಳ್ಳುವುದಕ್ಕೆ ಕಷ್ಟವೇನೂ ಆಗಲಾರದು. ಕಂಪ್ಯೂಟರಿನ ನೆತ್ತಿಯ ಮೇಲೆ ‘ಒಪ್ಯಾಕ್’ ಎಂಬ ಚೀಟಿ ಅಂಟಿಸಿದೆ. ಹಳೆಯ ಕಾರ್ಡು ಡಬ್ಬಗಳನ್ನು ಗುಜರಿಗೆ ಹಾಕಿ ಆ ಜಾಗದಲ್ಲಿ ಕೂರಿಸಿದ ಆನ್‌ಲೈನ್ ಕ್ಯಾಟಲಾಗಿಗೆ ಗ್ರಂಥಪಾಲಕರ ಲೋಕದಲ್ಲಿ ಇರುವ ಹೆಸರು ಅದು. ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಬರುತ್ತಾಳೆ. ಅಪ್ಪನ ತೋಟಕ್ಕೆ ಬಿಳಿ ಕಾಂಡಕೊರಕ ಬಿದ್ದಿದೆ. ‘ಕಾಫಿ’ ಎಂದು ಕನ್ನಡದಲ್ಲಿ ಟೈಪು ಮಾಡುತ್ತಾಳೆ. ಸೊನ್ನೆ ಫಲಿತಾಂಶ.

“ಸಾರ್, ಕಾಫಿ ಬಗ್ಗೆ ಪುಸ್ತಕ ಇಲ್ವಾ?”

“ಒಪ್ಯಾಕ್‌ನಲ್ಲಿ ನೋಡಮ್ಮಾ.”

“ನೋಡ್ದೆ ಸಾರ್. ಸೊನ್ನೆ ಅಂತಿದೆ.”

“ಹಂಗಾದ್ರೆ ಇಲ್ಲ.”

ಇಷ್ಟು ಸ್ಪಷ್ಟವಾದ ಉತ್ತರವನ್ನು ನಮ್ಮ ಯಾವ ಇಲಾಖೆಯೂ ಕೊಡುವುದಿಲ್ಲ. ತಾಲ್ಲೂಕು ಕಚೇರಿಯಲ್ಲಾದರೆ ನಾಳೆ ಬಾ ಎನ್ನುತ್ತಾರೆ. ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಅರ್ಧ ಸೆಕೆಂಡಿನಲ್ಲಿ ಓದುಗರನ್ನು ವಾಪಸು ಕಳಿಸುವ ಯಂತ್ರಕ್ಕಿಂತ ಆ ಸೂತ್ರವನ್ನು ನಿಷ್ಠೆಯಿಂದ ಪಾಲಿಸುವವರು ಇನ್ನಾರಿದ್ದಾರೆ?

ಪುಸ್ತಕ ಇಲ್ಲವೇ ಅಂದರೆ, ಇದೆ. ಕಂಪ್ಯೂಟರಿನಿಂದ ನಾಲ್ಕು ಹೆಜ್ಜೆ ದೂರದ ಬೀರುವಿನಲ್ಲಿದೆ. ಬೆನ್ನಿನ ಮೇಲೆ ಬಿಳಿ ಚೀಟಿ, ಚೀಟಿಯ ಮೇಲೆ 633.73. ಆದರೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಪುಸ್ತಕಕ್ಕೆ ಇಷ್ಟು ಎಂದು ಗುತ್ತಿಗೆ ಕೊಟ್ಟಿದ್ದರಲ್ಲ, ಆ ಹುಡುಗರು ಕನ್ನಡದ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ್ದಾರೆ. ಒಬ್ಬ ಕಾಫಿಗೆ ‘ಎಫ್’ ಹಾಕಿದ. ಇನ್ನೊಬ್ಬ ‘ಪಿ’ ಮತ್ತು ‘ಎಚ್’ ಹಾಕಿದ. ಮೂರನೆಯವನು ತಮಿಳುನಾಡಿನ ಗಡಿಯ ಕಡೆಯವನಿರಬೇಕು, ಎರಡು ‘ಎ’ ಒಂದು ‘ಪಿ’. ನಾಲ್ಕನೆಯವನಿಗೆ ಇಂಗ್ಲಿಷ್ ಸ್ಪೆಲಿಂಗೇ ಗೊತ್ತಿತ್ತು. ಹೀಗೆ ಒಂದೇ ಬೆಳೆ ನಾಲ್ಕು ಹೆಸರಿನಲ್ಲಿ ಪಹಣಿಯಾಗಿ, ಕನ್ನಡದಲ್ಲಿ ಕೇಳಿದವರಿಗೆ ಮಾತ್ರ ಸಿಗದಂತಾಯಿತು.

ಬೆನ್ನಿನ ಮೇಲಿನ ಚೀಟಿಗೆ ಬರೋಣ. ಆ ಐದು ಅಂಕಿ ಕಂಪ್ಯೂಟರಿನ ಹೊಟ್ಟೆಯಲ್ಲೂ ಇದೆ. ಗ್ರಂಥಾಲಯಗಳ ದಾಖಲೆಗೆ ಮಾರ್ಕ್ ಎಂಬ ಅಂತರರಾಷ್ಟ್ರೀಯ ನಮೂನೆಯಿದೆ. ಅದರ 082ನೆಯ ಕೋಣೆಯಲ್ಲಿ ಡ್ಯೂಯಿ ವರ್ಗೀಕರಣದ ಸಂಖ್ಯೆ, 650ನೆಯ ಕೋಣೆಯಲ್ಲಿ ವಿಷಯದ ಹೆಸರು. ಎರಡೂ ಒಂದೇ ಪುಸ್ತಕದ ಸಂಗತಿ, ಒಂದೇ ದಾಖಲೆಯೊಳಗೆ ಇರುವಂಥವು. ಆದರೂ ಭಾಗವಾದ ಅಣ್ಣತಮ್ಮಂದಿರು ನಡುಮನೆಯಲ್ಲಿ ಗೋಡೆ ಎಬ್ಬಿಸಿಕೊಂಡ ಹಾಗೆ, ಇವರ ಕಡೆಯ ಮಾತು ಅವರ ಕಡೆಗೆ ಕೇಳುವುದಿಲ್ಲ. ಸಂಖ್ಯೆ ಇರುವುದು ಬೀರು ತೋರಿಸಲಿಕ್ಕೆ, ಪದ ಇರುವುದು ಹುಡುಕಲಿಕ್ಕೆ ಎಂದು ಯಾರೋ ತೀರ್ಮಾನಿಸಿಬಿಟ್ಟಿದ್ದಾರೆ. ಅಷ್ಟಕ್ಕೂ 650ನೆಯ ಕೋಣೆ ಬಹಳ ಕಡೆ ಖಾಲಿ. ತುಂಬಿದ್ದರೆ ಅದರಲ್ಲಿ ‘ಸಾಮಾನ್ಯ’ ಎಂದಿರುತ್ತದೆ. ಕಾಫಿ ಸಾಮಾನ್ಯ, ಕ್ಯಾನ್ಸರ್ ಸಾಮಾನ್ಯ, ಕೃಷ್ಣರಾಜ ಒಡೆಯರೂ ಸಾಮಾನ್ಯ. ಸಮಾನತೆಯನ್ನು ಸಂವಿಧಾನಕ್ಕಿಂತ ಚೆನ್ನಾಗಿ ಜಾರಿಗೆ ತಂದ ಕೋಣೆ ಅದು.

ಈಗ ಆ ಸಂಖ್ಯೆಯನ್ನೊಮ್ಮೆ ಬಿಚ್ಚಿ ನೋಡಿ. 600 ಎಂದರೆ ತಂತ್ರಜ್ಞಾನ. 630 ಕೃಷಿ. 633 ಹೊಲ ತೋಟಗಳ ಬೆಳೆ. 633.7 ತಲೆಗೆ ಚುರುಕು ಮುಟ್ಟಿಸುವ ಆಲ್ಕಲಾಯ್ಡ್ ಬೆಳೆಗಳು. ಅದರಲ್ಲಿ ಹೊಗೆಸೊಪ್ಪು 71, ಚಹಾ 72, ಕಾಫಿ 73, ಕೋಕೋ 74. ನಮ್ಮ ಚಟಗಳನ್ನೆಲ್ಲ ಒಂದೇ ಬೆಂಚಿನ ಮೇಲೆ ಸಾಲಾಗಿ ಕೂರಿಸಿದ ಆಸಾಮಿ ಮೆಲ್ವಿಲ್ ಡ್ಯೂಯಿ. ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಿನ ಗ್ರಂಥಾಲಯದಲ್ಲಿದ್ದಾಗ, 24ರ ಪ್ರಾಯದಲ್ಲಿ, 1876ರಲ್ಲಿ 44 ಪುಟದ ಪುಸ್ತಿಕೆ ಅಚ್ಚು ಹಾಕಿಸಿದ. ಮುಖಪುಟದಲ್ಲಿ ಹೆಸರು ಕೂಡ ಹಾಕಿಕೊಂಡಿರಲಿಲ್ಲ. ಆ 44 ಪುಟಗಳಲ್ಲಿ ಸಂಖ್ಯೆಗಳ ಪಟ್ಟಿಗೆ ಹೋದದ್ದು 12 ಪುಟ, ಅಕಾರಾದಿ ಸೂಚಿಗೆ ಹೋದದ್ದು 18. ಅಂದರೆ ಮನೆಗಿಂತ ಬಾಗಿಲು ದೊಡ್ಡದು. ಬರುವವರು ಪದ ಹಿಡಿದುಕೊಂಡೇ ಬರುತ್ತಾರೆ, ಅವರ ಕೈಹಿಡಿದು ಸಂಖ್ಯೆಯ ತನಕ ಕರೆದೊಯ್ಯಬೇಕು ಎಂಬುದು ಆ ಹುಡುಗನಿಗೆ ಅಂದೇ ಹೊಳೆದಿತ್ತು.

ಆ ಸೂಚಿಯ ಜಾಣತನ ಕಾಣಬೇಕಾದರೂ ಕಾಫಿಯೇ ಸಾಕು. ಡ್ಯೂಯಿಯ ಲೋಕದಲ್ಲಿ ಕಾಫಿಗೆ ಒಂದೇ ಊರಿಲ್ಲ. ಗಿಡವಾಗಿ 633.73. ಆಹಾರವಾಗಿ 641.3373. ಹುರಿದು ಪುಡಿ ಮಾಡುವ ಉದ್ಯಮವಾಗಿ 663.93. ಬೆಲೆ, ಮಾರುಕಟ್ಟೆ, ಬೆಳೆಗಾರರ ಸಂಕಟವಾಗಿ 338.17373. ಇಷ್ಟೂ ಬೇಡ, ಬೆಂಗಳೂರಿನಲ್ಲೊಂದು ಕೆಫೆ ತೆರೆಯುತ್ತೇನೆಂದರೆ 647.95. ಬೀರುಗಳ ನಡುವೆ ಹೀಗೆ ಚದುರಿಹೋದ ಕಾಫಿಯನ್ನು ಡ್ಯೂಯಿಯ ಸೂಚಿ ಒಂದೇ ಪದದ ಕೆಳಗೆ ಕಲೆಹಾಕಿ ತೋರಿಸುತ್ತದೆ. ತೋಟಕ್ಕೆ ಹುಳ ಬಿದ್ದವಳಿಗೆ ಮೊದಲನೆಯದು, ಚೀಲಕ್ಕೆಷ್ಟು ಎಂದು ತಲೆ ಕೆಡಿಸಿಕೊಂಡ ಅವಳ ಅಪ್ಪನಿಗೆ ನಾಲ್ಕನೆಯದು. ಪದವೊಂದೇ ಇದ್ದರೆ ಈ ಐದೂ ಕಲಸುಮೇಲೋಗರ. ಸಂಖ್ಯೆಯೊಂದೇ ಇದ್ದರೆ ಐದೂ ಪರಸ್ಪರ ಅಪರಿಚಿತರು. ಎರಡೂ ಕೂಡಿದರೆ ಮಾತ್ರ ಕೆಲಸ. ಕಂಪ್ಯೂಟರು ಬಂದಾಗ ನಾವು ಆ ಸಂಖ್ಯೆಗಳನ್ನು ತಪ್ಪದೆ ತುಂಬಿಕೊಂಡೆವು, ಸೂಚಿಯನ್ನು ಕಾರ್ಡು ಡಬ್ಬದ ಜತೆ ಗುಜರಿಗೆ ಕೊಟ್ಟೆವು. ಅದಕ್ಕೆ ಆಧುನೀಕರಣ ಎಂದು ಅನುದಾನವೂ ಬಂತು.

ಡ್ಯೂಯಿಯನ್ನು ಹೊಗಳಿದೆನೆಂದು ಯಾರೂ ಹಾರ ತರಬೇಡಿ. ಧರ್ಮಕ್ಕಿಟ್ಟ 200ರ ಮನೆಯಲ್ಲಿ ಕ್ರೈಸ್ತ ಮತ 220ರಿಂದ 280ರ ತನಕ ಕಾಲು ಚಾಚಿ ಮಲಗಿದೆ. ಪ್ರಪಂಚದ ಮಿಕ್ಕೆಲ್ಲ ದೇವರುಗಳೂ 290ರ ಹಿತ್ತಿಲಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತಿದ್ದಾರೆ. ಸಾಹಿತ್ಯದ 800ರಲ್ಲಿ ಅಮೆರಿಕಕ್ಕೆ ಒಂದು ಇಡೀ ಅಂತಸ್ತು, ಇಂಗ್ಲಿಷಿಗೆ ಇನ್ನೊಂದು. ಪಂಪನಿಂದ ಇಂದಿನವರೆಗಿನ ಕನ್ನಡಕ್ಕೆ 894.814. ನೆರೆಮನೆಯವರು ಯಾರೆಂದರೆ ತುರ್ಕಿ, ಮಂಗೋಲಿಯನ್, ಹಂಗೇರಿಯನ್, ಫಿನ್ನಿಷ್. ಹೆಲ್ಸಿಂಕಿಯವರಿಗೂ ನಮಗೂ ಗಡಿ ವಿವಾದವಿಲ್ಲ ಎಂಬುದೊಂದೇ ಸಮಾಧಾನ. ಮನುಷ್ಯನಾಗಿಯೂ ಡ್ಯೂಯಿ ಅಷ್ಟಕ್ಕಷ್ಟೆ. ಅವನ ಜನಾಂಗದ್ವೇಷ ಮತ್ತು ಹೆಣ್ಣುಮಕ್ಕಳೊಂದಿಗಿನ ನಡತೆ ನೆನೆದು ಅಮೆರಿಕದ ಗ್ರಂಥಾಲಯ ಸಂಘವೇ 2019ರಲ್ಲಿ ಪದಕದಿಂದ ಅವನ ಹೆಸರು ತೆಗೆಯಿತು. ಆದರೆ ಅವನ ಸಂಖ್ಯೆಗಳ ಓರೆಕೋರೆಗಳನ್ನು ತಿದ್ದಲಿಕ್ಕೆ ದಾರಿಯಿದೆ. ‘ಸಾಮಾನ್ಯ’ ಎಂಬುದನ್ನು ತಿದ್ದಲಿಕ್ಕೆ ಎಲ್ಲಿಂದ ಶುರು ಮಾಡುತ್ತೀರಿ?

ಹಾರ ಹಾಕುವುದಿದ್ದರೆ ರಂಗನಾಥನ್‌ಗೇ ಹಾಕಬೇಕು. ಹಾಕುತ್ತಾರೆ ಕೂಡ, ಪ್ರತಿ ಆಗಸ್ಟ್ 12ಕ್ಕೆ, ಗ್ರಂಥಪಾಲಕರ ದಿನ ಎಂದು. ಶಿಯಾಳಿಯಲ್ಲಿ ಹುಟ್ಟಿ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಮೇಷ್ಟರಾಗಿ ಕೆಲಸಕ್ಕೆ ಸೇರಿದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕಲಿಯಲಿಕ್ಕೆಂದು ಲಂಡನ್ನಿಗೆ ಹೋದಾಗ ಅಂಗಡಿಯೊಂದರಲ್ಲಿ ಮೆಕಾನೊ ಆಟಿಕೆ ಕಂಡರು. ಅದೇ ನಾಲ್ಕು ಪಟ್ಟಿ, ನಾಲ್ಕು ನಟ್ಟು ಬೋಲ್ಟು. ಜೋಡಿಸುವ ರೀತಿ ಬದಲಿಸಿದರೆ ಒಮ್ಮೆ ಕ್ರೇನು, ಒಮ್ಮೆ ಸೇತುವೆ. ಜ್ಞಾನವನ್ನೂ ಹೀಗೇ ಬಿಡಿ ಬಿಡಿಯಾಗಿಟ್ಟು ಬೇಕಾದಾಗ ಜೋಡಿಸಿದರಾಯಿತು ಎಂದುಕೊಂಡು 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟಿಸಿದರು. ಗ್ರಂಥಾಲಯ ವಿಜ್ಞಾನದ ತರಗತಿಗಳಲ್ಲಿ ಇವತ್ತಿಗೂ ಉರುಹಚ್ಚಿಸುವ ಉದಾಹರಣೆಯೊಂದಿದೆ: 1950ರಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆಯ ಬಗ್ಗೆ ನಡೆದ ಸಂಶೋಧನೆ. ಎಲ್ ಎಂದರೆ ವೈದ್ಯಶಾಸ್ತ್ರ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಎಕ್ಸ್-ರೇ, ಎಫ್ ಸಂಶೋಧನೆ, 44 ಭಾರತ, ಎನ್5 ಅಂದರೆ 1950. ನಡುನಡುವೆ ಅಲ್ಪವಿರಾಮ, ಅರ್ಧವಿರಾಮ, ಕೋಲನ್ನು, ಚುಕ್ಕಿ. ಬಿ.ಲಿಬ್. ಹುಡುಗರು ಇದನ್ನು ಕಂಡು ಕಂಗಾಲಾಗುವುದರಲ್ಲಿ ತಪ್ಪೇನಿಲ್ಲ.

ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮರೆಯುವುದು ಇದರ ಮುಂದಿನ ಹೆಜ್ಜೆಯನ್ನು. ರಂಗನಾಥನ್ ಆ ಸಂಖ್ಯೆಯನ್ನು ಸರಪಳಿ ಎಂದರು. ಕೊನೆಯ ಕೊಂಡಿಯಿಂದ ಹಿಂದಕ್ಕೆ ಬರುತ್ತಾ ಒಂದೊಂದು ಕೊಂಡಿಗೂ ಅದರ ಹೆಸರು ಬರೆದರೆ ವಿಷಯಸೂಚಿ ತಾನಾಗಿ ತಯಾರು. ಎಕ್ಸ್-ರೇ ಎಂದು ಹುಡುಕಿದವನೂ ಅಲ್ಲಿಗೆ ತಲುಪುತ್ತಾನೆ, ಕ್ಷಯ ಎಂದವನೂ ತಲುಪುತ್ತಾನೆ, ಶ್ವಾಸಕೋಶ ಎಂದವನೂ ತಲುಪುತ್ತಾನೆ. ಇದೇ ಚೈನ್ ಇಂಡೆಕ್ಸಿಂಗ್. ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಸೂಚಿ 1950ರಲ್ಲಿ ಶುರುವಾದಾಗ ಎರವಲು ಪಡೆದದ್ದು ಈ ಉಪಾಯವನ್ನು. ಅವರಲ್ಲಿದ್ದುದು ಡ್ಯೂಯಿ ಸಂಖ್ಯೆ, ಆದರೂ ಉಪಾಯ ಫಲಿಸಿತು. ವರ್ಗೀಕರಣವನ್ನೂ ವಿಷಯದ ಹುಡುಕಾಟವನ್ನೂ ಒಂದೇ ದಾರದಲ್ಲಿ ಪೋಣಿಸುವ ಕೆಲಸ, ಕಂಪ್ಯೂಟರು ಹುಟ್ಟುವ ಮೊದಲೇ, ಪೆನ್ಸಿಲು ಮತ್ತು ಕಾರ್ಡಿನಲ್ಲಿ ಮುಗಿದುಹೋಗಿತ್ತು. ಮುಗಿಸಿದವರು 1962ರಲ್ಲಿ ಬೆಂಗಳೂರಿನಲ್ಲೇ ಡಿ.ಆರ್.ಟಿ.ಸಿ. ಎಂಬ ಸಂಶೋಧನಾ ಕೇಂದ್ರ ಕಟ್ಟಿ, 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಆಗಸ್ಟ್ 12ರ ಸಮಾರಂಭ ನೋಡಬೇಕು. ರಂಗನಾಥನ್ ಫೋಟೊ, ಫೋಟೊಗೆ ಚೆಂಡುಹೂವಿನ ಹಾರ, ಪ್ರಾಂಶುಪಾಲರ ಭಾಷಣ, ‘ಪುಸ್ತಕವೇ ಮಿತ್ರ’ ಎಂಬ ಬ್ಯಾನರು. ಫೋಟೊದ ಕೆಳಗೇ ಒಪ್ಯಾಕ್ ಕೂತಿರುತ್ತದೆ. ಎರಡಕ್ಕೂ ಪ್ಲಗ್ಗು ಒಂದೇ ಆದ್ದರಿಂದ ಫೋಟೊದ ಸುತ್ತ ಸೀರಿಯಲ್ ಸೆಟ್ಟು ಹೊತ್ತಿಸಲು ಅಂದು ಒಪ್ಯಾಕ್ ಆರಿಸುತ್ತಾರೆ. ಅದನ್ನು ಮತ್ತೆ ಹಚ್ಚುವುದು ಕಾಲೇಜು ಪರಿಶೀಲಿಸುವ ನ್ಯಾಕ್ ತಂಡ ಬಂದಾಗ.

ಸರಿ, ಕಾರ್ಡಿನ ಕಾಲ ಹೋಯಿತು, ಕಂಪ್ಯೂಟರಿನಲ್ಲಿ ಇದೆಲ್ಲ ನಡೆಯುತ್ತದೆಯೇ ಎಂದು ಯಾರಾದರೂ ಪ್ರಯೋಗ ಮಾಡಿ ನೋಡಬೇಕಲ್ಲ? ಮಾಡಿದ್ದಾರೆ. ಅಮೆರಿಕದ ಒಹಾಯೊದಲ್ಲಿರುವ ಒ.ಸಿ.ಎಲ್.ಸಿ. ಸಂಸ್ಥೆಯಲ್ಲಿ ಕರೆನ್ ಮಾರ್ಕಿ ಮತ್ತು ಆನ್ ಡೆಮೆಯರ್ ಎಂಬಿಬ್ಬರು ಎರಡು ಕ್ಯಾಟಲಾಗು ಕಟ್ಟಿದರು. ಒಂದರಲ್ಲಿ ಎಂದಿನ ವಿಷಯ ಹುಡುಕಾಟ. ಇನ್ನೊಂದರಲ್ಲಿ ಅದರ ಜತೆಗೆ ಡ್ಯೂಯಿಯ ಪಟ್ಟಿ ಮತ್ತು ಸೂಚಿಯ ಪದಗಳನ್ನೂ ಹೊಲಿದಿದ್ದರು. 1986ರ ವರದಿಯಲ್ಲಿ ಕಂಡ ಸಂಗತಿ ಇದು: ಎರಡೂ ಬೇರೆ ಬೇರೆ ಪುಸ್ತಕಗಳನ್ನು ಹುಡುಕಿ ತರುತ್ತವೆ, ಒಂದಕ್ಕೆ ಸಿಕ್ಕಿದ್ದು ಇನ್ನೊಂದಕ್ಕೆ ಸಿಗುವುದು ಕಡಿಮೆ. ಆದ್ದರಿಂದ ಓದುಗನಿಗೆ ಎರಡೂ ಬೇಕು. ವಿದ್ವತ್ತಿನ ವರದಿಗಳಿಗೆ ಸಲ್ಲಬೇಕಾದ ಗೌರವ ಅದಕ್ಕೂ ಸಂದಿತು. ಎಲ್ಲರೂ ಉಲ್ಲೇಖಿಸಿದರು, ಯಾರೂ ಕಟ್ಟಲಿಲ್ಲ. ಐದು ವರ್ಷದ ನಂತರ ರೇ ಲಾರ್ಸನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಟಲಾಗಿನ ಬಳಕೆಯನ್ನು ಲೆಕ್ಕ ಹಾಕಿದಾಗ ಜನ ವಿಷಯದ ಮೇಲೆ ಹುಡುಕುವುದನ್ನೇ ವರ್ಷದಿಂದ ವರ್ಷಕ್ಕೆ ಬಿಡುತ್ತಿದ್ದರು. ಬಿಡದೆ ಏನು ಮಾಡಿಯಾರು? ಒಂದೋ ಸೊನ್ನೆ ಬರುತ್ತದೆ, ಇಲ್ಲವೇ ಸಾವಿರ ಬರುತ್ತದೆ. ಆ ಕ್ಯಾಟಲಾಗಿಗೆ ‘ಮೆಲ್ವಿಲ್’ ಎಂಬ ಹೆಸರನ್ನು ಯಾರೋ ವ್ಯಂಗ್ಯಕ್ಕೆಂದು ಇಟ್ಟಿದ್ದಲ್ಲ. ಡ್ಯೂಯಿಯ ಗೌರವಾರ್ಥ ಇಟ್ಟದ್ದು.

ಜ್ಯೂರಿಕ್‌ನ ಇ.ಟಿ.ಎಚ್. ಗ್ರಂಥಾಲಯದವರು ಮಾತ್ರ ಮಾತಾಡದೆ ಕೆಲಸ ಮಾಡಿದರು. ಪುಸ್ತಕಕ್ಕೆ ಯು.ಡಿ.ಸಿ. ಎಂಬ ವರ್ಗೀಕರಣದ ಸಂಖ್ಯೆ ಕೊಟ್ಟು, ಸಂಖ್ಯೆಗೆ ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರು ಭಾಷೆಯ ಪದಗಳನ್ನು ಕಟ್ಟಿಟ್ಟರು. ಯಾವ ಭಾಷೆಯಲ್ಲಿ ಕೇಳಿದರೂ ದಾರಿ ಸಂಖ್ಯೆಯ ಮೂಲಕ ಹೋಗುತ್ತಿತ್ತು. ಪುಸ್ತಕ ಯಾವ ಭಾಷೆಯದ್ದೆಂಬ ಹಂಗಿರಲಿಲ್ಲ. ಇದನ್ನು ಓದುವಾಗ ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಮೂರು ಭಾಷೆ ಅವರಿಗೆ ದೊಡ್ಡದು. ನಮ್ಮಲ್ಲಿ ತೋಟದ ಮಾಲೀಕ ಕನ್ನಡದಲ್ಲಿ ಬೈದು, ಮೇಸ್ತ್ರಿ ತಮಿಳಿನಲ್ಲಿ ಕೂಗಿ, ಬ್ಯಾಂಕಿನವರು ಹಿಂದಿಯಲ್ಲಿ ನೋಟಿಸು ಕಳಿಸುವುದು ಬೆಳಗ್ಗೆ ಹತ್ತರೊಳಗೆ ಮುಗಿದಿರುತ್ತದೆ.

ನ್ಯೂಯಾರ್ಕಿನ ಒಂದು ಹೋಟೆಲ್ಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ಲೈಬ್ರರಿ ಹೋಟೆಲ್ ಎಂದು. ಒಂದೊಂದು ಅಂತಸ್ತಿಗೆ ಡ್ಯೂಯಿಯ ಒಂದೊಂದು ವರ್ಗ, ಕೋಣೆಗೊಂದು ವಿಷಯ. ಡ್ಯೂಯಿ ಪದ್ಧತಿಯ ಹಕ್ಕು ಇರುವುದು ಅದೇ ಒ.ಸಿ.ಎಲ್.ಸಿ. ಬಳಿ. ಕೇಳದೆ ಬಳಸಿದಿರಿ ಎಂದು 2003ರಲ್ಲಿ ಹೋಟೆಲಿನ ಮೇಲೆ ದಾವೆ ಹೂಡಿದರು, ಆಮೇಲೆ ರಾಜಿಯಾಯಿತು. ಹಾಗೆ ನೋಡಿದರೆ ನಮ್ಮ ಗ್ರಂಥಾಲಯಗಳಿಗೆ ಭಯವೇ ಇಲ್ಲ. ಡ್ಯೂಯಿಯನ್ನು ನಾವು ಬಳಸುತ್ತಿದ್ದೇವೆಂದು ಯಾವ ಕೋರ್ಟಿನಲ್ಲೂ ಸಾಬೀತು ಮಾಡಲಾಗದು.

ಕನ್ನಡದ ಪದ ಹಿಡಿದು ಹುಡುಕುವ ಸಂಭ್ರಮವೇ ಬೇರೆ. ಕಾರಂತರ ‘ಮರಳಿ ಮಣ್ಣಿಗೆ’ ಬೇಕೆಂದು ‘ಮಣ್ಣು’ ಎಂದು ಒತ್ತಿದರೆ ಸಿಗುವುದಿಲ್ಲ, ಏಕೆಂದರೆ ಪುಸ್ತಕದ ಮೇಲಿರುವುದು ಚತುರ್ಥಿ ವಿಭಕ್ತಿ. ಕಂಪ್ಯೂಟರಿಗೆ ವಿಭಕ್ತಿ ಗೊತ್ತಿಲ್ಲ, ಅದು ಇಂಗ್ಲಿಷ್ ಮೀಡಿಯಂ. ‘ಮಣ್ಣಿಗೆ’ ಎಂದೇ ಒತ್ತಿದಿರೋ, ಗೊಬ್ಬರದ ಪುಸ್ತಕ ಕೇಳಿದವರಿಗೆ ಕರಾವಳಿಯ ಮೂರು ತಲೆಮಾರಿನ ಕಾದಂಬರಿ ಕೈಗೆ ಬರುತ್ತದೆ. ಲಾಭವೇ ಅನ್ನಿ, ಆದರೆ ಬೆಳೆಗಲ್ಲ. ‘ಕತೆ’ ಎಂದರೆ ‘ಕಥೆ’ ಸಿಗುವುದಿಲ್ಲ. ‘ಕಾನೂರು ಹೆಗ್ಗಡಿತಿ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಕಾನೂರಿಗೆ ಒಬ್ಬರು ಎರಡು ‘ಒ’ ಹಾಕುತ್ತಾರೆ, ಒಬ್ಬರು ‘ಯು’. ಹೆಗ್ಗಡಿತಿಗೆ ಒಬ್ಬರು ‘ಟಿ’, ಒಬ್ಬರು ‘ಟಿ’ಯ ಜತೆಗೆ ‘ಎಚ್’. ಹೀಗೆ ಒಬ್ಬಳೇ ಹೆಗ್ಗಡಿತಿ ಒಂದೇ ಗ್ರಂಥಾಲಯದಲ್ಲಿ ನಾಲ್ಕು ಕಡೆ ಸಂಸಾರ ಹೂಡುತ್ತಾಳೆ. ಇನ್ನು ಹಳೆಯ ನುಡಿ ಫಾಂಟಿನಲ್ಲಿ ಏರಿಸಿದ ದಾಖಲೆಗಳು ಯೂನಿಕೋಡ್ ಕಾಲಕ್ಕೆ ಬಂದಾಗ, ‘ಕನ್ನಡ’ ಎಂಬ ಪದ ಒಂದು ‘ಪಿ’, ಬ್ರಿಟಿಷ್ ಪೌಂಡಿನ ಗುರುತು, ಜರ್ಮನರ ಜೋಡಿ ‘ಎಸ್’, ಒಂದು ‘ಕ್ಯೂ’, ನಡುವೆಯೂ ಕೊನೆಗೂ ತಲೆಯ ಮೇಲೆ ಗೆರೆ ಹೊತ್ತ ‘ಎ’ಗಳಾಗಿ ಪರದೆಯ ಮೇಲೆ ಪ್ರತ್ಯಕ್ಷವಾಗುತ್ತದೆ. ಕನ್ನಡ ಜಾಗತಿಕ ಭಾಷೆಯಾಗಬೇಕೆಂದು ಭಾಷಣ ಬಿಗಿಯುವವರು ಒಮ್ಮೆ ಬಂದು ನೋಡಿಹೋಗಬಹುದು.

ಇಷ್ಟೆಲ್ಲ ಅನಾಹುತ ಆದ ದಾಖಲೆಯಲ್ಲೂ ಒಂದು ಮಾತ್ರ ಕೆಡದೆ ಉಳಿದಿರುತ್ತದೆ, ಅಂಕಿ. ಅದಕ್ಕೆ ವಿಭಕ್ತಿಯಿಲ್ಲ, ಮಹಾಪ್ರಾಣವಿಲ್ಲ, ಫಾಂಟು ಬದಲಾದರೂ 633.73 ಎಂಬುದು 633.73. ಹುಡುಗಿ ‘ಕಾಫಿ’ ಎಂದಾಗ ಕಂಪ್ಯೂಟರು ಒಂದು ಚಿಕ್ಕ ಪಟ್ಟಿ ನೋಡಿ, ಓ ಇದು 633.73 ಎಂದುಕೊಂಡು, ಆ ಸಂಖ್ಯೆಯ ಪುಸ್ತಕಗಳನ್ನೆಲ್ಲ ಅವು ಯಾವ ಲಿಪಿಯಲ್ಲಿ ಹಾಳಾಗಿದ್ದರೂ ಎಳೆದು ತರಬಹುದಿತ್ತು. ಅಲ್ಲಿ ಏನೂ ಇಲ್ಲದಿದ್ದರೆ ಕೊನೆಯ ಅಂಕಿ ಕಿತ್ತು 633.7ಕ್ಕೆ, ಅಲ್ಲೂ ಇಲ್ಲದಿದ್ದರೆ 633ಕ್ಕೆ ಹೋಗಿ, ‘ಕಾಫಿ ಇಲ್ಲ, ತೋಟದ ಬೆಳೆಗಳ ಪುಸ್ತಕ ಇವೆ, ನೋಡುತ್ತೀಯಾ’ ಎನ್ನಬಹುದಿತ್ತು. ಡ್ಯೂಯಿಯ ಮೂರಂಕಿಯ ಮನೆಗಳು ಒಟ್ಟು ಒಂದು ಸಾವಿರ. ಅಷ್ಟಕ್ಕೆ ರೈತರು, ಮೇಷ್ಟರು, ಮನೆಯವರು ಬಳಸುವ ಕನ್ನಡ ಪದಗಳನ್ನು ಕಟ್ಟುವುದು ಒಂದು ಗ್ರಂಥಾಲಯ ವಿಜ್ಞಾನ ವಿಭಾಗದ ಒಂದು ಬೇಸಿಗೆಯ ಕೆಲಸ. ಆದರೆ ವಿಭಾಗಗಳಿಗೆ ಬಿಡುವೆಲ್ಲಿ? ‘ಇಂಥ ತಾಲ್ಲೂಕಿನ ಇಂಥ ಕಾಲೇಜಿನ ಗ್ರಂಥಾಲಯ ಬಳಕೆದಾರರ ತೃಪ್ತಿ: ಒಂದು ಅಧ್ಯಯನ’ ಎಂಬ ಪ್ರೌಢಪ್ರಬಂಧ ಬರೆಸುವುದಿದೆ. ತಾಲ್ಲೂಕುಗಳು ಇನ್ನೂ ಬಾಕಿ ಇವೆ. ಸರ್ಕಾರ ಹೊಸ ತಾಲ್ಲೂಕು ಘೋಷಿಸಿದಾಗ ಎಲ್ಲರಿಗಿಂತ ಮೊದಲು ಸಿಹಿ ಹಂಚುವವರು ಇವರೇ ಇರಬೇಕು.

ಸಂಖ್ಯೆಗೂ ಕೈಲಾಗದ ಜಾಗಗಳಿವೆ, ಅದನ್ನು ಮುಚ್ಚಿಡಬಾರದು. ವಚನಗಳನ್ನೇ ತೆಗೆದುಕೊಳ್ಳಿ. ಕಾವ್ಯವೆಂದರೆ 894.8141. ಧರ್ಮವೆಂದರೆ 294.5ರೊಳಗೆ ಎಲ್ಲೋ ಒಂದು ಕಡೆ. ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಎಂದು 2018ರಲ್ಲಿ ರಾಜ್ಯ ಸರ್ಕಾರ ಶಿಫಾರಸು ಮಾಡಿ, ನಾಡಿನ ಮಠಗಳೆಲ್ಲ ಎರಡಾಗಿ, ಟೀವಿಯ ಸ್ಟುಡಿಯೋಗಳಲ್ಲಿ ಮೇಜು ಮುರಿದ ಪ್ರಶ್ನೆಗೆ ಬಡಪಾಯಿ ಕ್ಯಾಟಲಾಗರು ಊಟದ ಗಂಟೆಯೊಳಗೆ ಪೆನ್ಸಿಲಿನಲ್ಲಿ ಉತ್ತರ ಬರೆಯಬೇಕು. ಬೀರುವಿನಲ್ಲಿ ಪುಸ್ತಕಕ್ಕೆ ಒಂದೇ ಜಾಗ, ಹಾಗಾಗಿ ಅಲ್ಲಿ ಒಂದೇ ಸಂಖ್ಯೆ. ಕ್ಯಾಟಲಾಗಿನಲ್ಲಿ ಈ ಬಡತನ ಯಾಕೆ? ಎರಡೂ ಸಂಖ್ಯೆ ಬರೆಯಿರಿ, ಎರಡೂ ದಾರಿಯಲ್ಲಿ ಬರುವವರಿಗೆ ಬಸವಣ್ಣ ಸಿಗಲಿ. ಬೀರುವಿನ ಇಕ್ಕಟ್ಟನ್ನು ಕಂಪ್ಯೂಟರಿಗೂ ಅಂಟಿಸಿದವರು ನಾವು.

ಕಾದಂಬರಿಗಳ ಮುಂದೆ ಸಂಖ್ಯೆ ಪೂರ್ತಿ ಸೋಲುತ್ತದೆ. 894.8143 ಎಂಬ ಒಂದೇ ಕೊಟ್ಟಿಗೆಯಲ್ಲಿ ‘ಚೋಮನ ದುಡಿ’, ‘ಸಂಸ್ಕಾರ’, ‘ಕರ್ವಾಲೋ’ ಮತ್ತು ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಪತ್ತೇದಾರಿ ಎಲ್ಲವನ್ನೂ ಕಟ್ಟಿಹಾಕಿದೆ. ಹಾರುವ ಓತಿಯ ಬೆನ್ನು ಹತ್ತಿದ ಕಾದಂಬರಿ ಯಾವುದಿದೆ ಎಂದು ಕೇಳಿದರೆ ಸಂಖ್ಯೆ ಪಿಳಿಪಿಳಿ ಕಣ್ಣು ಬಿಡುತ್ತದೆ. ಇಲ್ಲಿ ವಿಷಯಪದ ಬೇಕೇ ಬೇಕು. ತೇಜಸ್ವಿಯವರ ‘ಪರಿಸರದ ಕತೆ’ ಕೈಗೆ ಬಂದಾಗಲಂತೂ ಕತೆಯ ಬೀರುವೋ ಪರಿಸರದ ಬೀರುವೋ ಎಂದು ಯಾವ ಕ್ಯಾಟಲಾಗರೂ ಒಂದು ಕಪ್ ಕಾಫಿಯ ಮಟ್ಟಿಗಾದರೂ ಯೋಚಿಸಬೇಕು. ಅಂಥ ಯೋಚನೆಯೇ ಆ ವೃತ್ತಿಯ ಸುಖ. ಅದಕ್ಕೆ ಈಗ ಪುಸ್ತಕಕ್ಕೆ ಇಷ್ಟು ರೂಪಾಯಿಯೆಂದು ದರ ನಿಗದಿಯಾಗಿದೆ, ಯೋಚಿಸಿದರೆ ನಷ್ಟ.

ಹಾಗಿರುವಾಗ ನಮ್ಮ ಊಹೆಯ ಕಾಲೇಜಿಗೆ ಹೊಸ ಸಾಫ್ಟ್‌ವೇರು ಬಂತು. ಟೆಂಡರಿನ ಷರತ್ತುಗಳು ಹದಿನೆಂಟು ಪುಟ. ಬೆರಳಚ್ಚು, ಮುಖಚಹರೆ ಹಾಜರಾತಿ, ಗೇಟಿನಲ್ಲಿ ಕಿರುಚುವ ಕಂಬ, ಮುಖ್ಯಮಂತ್ರಿಗಳ ಭಾವಚಿತ್ರವಿರುವ ಮುಖಪರದೆ, ಮೊಬೈಲ್ ಆ್ಯಪು. ಮೇಲೊಂದು ಕೃತಕ ಬುದ್ಧಿಮತ್ತೆ. ಡೆಮೊ ದಿನ ಸಮಿತಿಯ ಅಧ್ಯಕ್ಷರು ‘ಕಾಫಿ’ ಎಂದು ಕೇಳಿದರು. ಕೃತಕ ಬುದ್ಧಿ ವಿನಯದಿಂದ ಏಳು ಪುಸ್ತಕ ಸೂಚಿಸಿತು. ಏಳರಲ್ಲಿ ಒಂದೂ ಗ್ರಂಥಾಲಯದಲ್ಲಿರಲಿಲ್ಲ, ನಾಲ್ಕನ್ನು ಯಾರೂ ಬರೆದಿರಲಿಲ್ಲ. ಆದರೂ ಸೊನ್ನೆಗಿಂತ ಏಳು ದೊಡ್ಡದೆಂದು ಸಮಿತಿ ಒಪ್ಪಿಕೊಂಡಿತು.

ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸಲು ಕಂಪನಿಯಿಂದ ಒಬ್ಬ ಹುಡುಗ ಬಂದ. ಪಾಪ, ಚುರುಕಿನ ಹುಡುಗ, ಎರಡು ರಾತ್ರಿಯಲ್ಲಿ ಅಷ್ಟೂ ಮುಗಿಸಿದ. ಮೂರನೆಯ ದಿನ ಗ್ರಂಥಪಾಲಕರು ಪರದೆ ನೋಡಿ ಕನ್ನಡಕ ಒರೆಸಿಕೊಂಡರು.

“ಏನಪ್ಪಾ ಇದು, ಕಾಫಿ 633.73 ಅಲ್ವಾ? 570.36 ಅಂತ ಯಾಕೆ ಬಂದಿದೆ?”

“ಅದು ಬೆಲೆ ಅಲ್ವಾ ಸಾರ್? ಪುಸ್ತಕಕ್ಕೆ ಹತ್ತು ಪರ್ಸೆಂಟ್ ಡಿಸ್ಕೌಂಟ್ ಅಂತ ಆರ್ಡರಲ್ಲೇ ಇತ್ತು. ಎಲ್ಲಾದಕ್ಕೂ ಕಳೆದು ಹಾಕಿದೀನಿ.”

ಕಾಫಿ ಅಷ್ಟೇನೂ ದೂರ ಹೋಗಿರಲಿಲ್ಲ. 570 ಎಂದರೆ ಜೀವವಿಜ್ಞಾನ, ಕಾಂಡಕೊರಕಕ್ಕೆ ಅದೂ ಒಂದು ಮನೆಯೇ. ಸಮಸ್ತ ಕನ್ನಡ ಸಾಹಿತ್ಯ 805ಕ್ಕೆ ಇಳಿದು ನಿಯತಕಾಲಿಕೆಗಳ ನಡುವೆ ಕೂತಿತ್ತು. 294.5924ರಲ್ಲಿದ್ದ ಭಗವದ್ಗೀತೆ ಹತ್ತು ಪರ್ಸೆಂಟ್ ಕಳೆದು 265.13ಕ್ಕೆ ಹೋಗಿತ್ತು, ಡ್ಯೂಯಿಯ ಪ್ರಕಾರ ಅದು ಕ್ರೈಸ್ತ ದೀಕ್ಷಾಸ್ನಾನದ ಜಾಗ. ಗ್ರಂಥಪಾಲಕರು ಬಾಗಿಲು ಹಾಕಿ, ಇದನ್ನು ಹೊರಗೆ ಯಾರಿಗೂ ಹೇಳಬೇಡವೆಂದು ಹುಡುಗನ ಕೈ ಹಿಡಿದುಕೊಂಡರು. ಹೇಳುವ ಅಗತ್ಯ ಬೀಳಲಿಲ್ಲ. ಆ ಸಂಖ್ಯೆಗಳನ್ನು ಅದುವರೆಗೂ ಯಾರೂ ಓದಿರಲಿಲ್ಲ, ಆಮೇಲೂ ಓದಲಿಲ್ಲ. ಲೆಕ್ಕಪರಿಶೋಧಕರು ಮಾತ್ರ ಒಟ್ಟು ಮೊತ್ತದಲ್ಲಿ ಶೇ. 10ರಷ್ಟು ಉಳಿತಾಯವಾಗಿರುವುದನ್ನು ಮೆಚ್ಚಿ, ಕಡತದ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದು ಸಾಲು ಬರೆದು, ಬಿಲ್ಲು ಪಾಸು ಮಾಡಿದರು.